ಸುರಗಿಗೆ ಹೋದ ಯೋಯೋ ದಾರ

ನನ್ನ ಬಲಗೈಯ ನಡುಬೆರಳಿನ ಮೇಲೆ ಒಂದು ಸಣ್ಣ ತಗ್ಗು ಗೆರೆಯಿದೆ. ಕಂಡವರು ಅದನ್ನು ಉಂಗುರದ ಗುರುತೆಂದು ತಿಳಿಯುತ್ತಾರೆ. "ನಿಶ್ಚಯ ಆಗಿ ಮುರೀತೇನ್ರಿ?" ಎಂದು ಕನಿಕರದಿಂದ ಕೇಳಿದವರೂ ಉಂಟು. ನಾನು ಅವರನ್ನು ತಿದ್ದಲು ಹೋಗುವುದಿಲ್ಲ. ಮುರಿದ ನಿಶ್ಚಿತಾರ್ಥಕ್ಕೆ ಸಮಾಜದಲ್ಲಿ ತನ್ನದೇ ಆದ ಒಂದು ಗಾಂಭೀರ್ಯವಿದೆ. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮನುಷ್ಯನೊಬ್ಬ ಯೋಯೋ ಆಡುತ್ತಾನೆ ಎಂಬ ಸಂಗತಿಗೆ ಅಷ್ಟು ಗಾಂಭೀರ್ಯ ಇದೆಯೆಂದು ನನಗೆ ಖಾತ್ರಿಯಿಲ್ಲ.

ಆ ಗೆರೆ ಯೋಯೋ ದಾರದ್ದು. ಎರಡು ಬಿಲ್ಲೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಡುವೆ ಒಂದು ಅಚ್ಚು ಇಟ್ಟರೆ ಯೋಯೋ ಆಗುತ್ತದೆ. ದಾರದ ಒಂದು ತುದಿ ಆ ಅಚ್ಚನ್ನು ಬಳಸಿಕೊಂಡಿರುತ್ತದೆ, ಇನ್ನೊಂದು ತುದಿಯ ಕುಣಿಕೆ ಬೆರಳಿನಲ್ಲಿರುತ್ತದೆ. ಬಿಲ್ಲೆ ಕೆಳಗೆ ಹೋಗುತ್ತದೆ, ಮೇಲೆ ಬರುತ್ತದೆ. ಬರಬೇಕು ಎಂಬುದು ನಿಯಮ. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಯೋಯೋದ ಬದುಕು ಇಷ್ಟೇ. ಆದರೆ ಲೋಹದ ಒಳ್ಳೆಯ ಯೋಯೋ ದಾರದ ತುದಿಯಲ್ಲಿ ನಿಂತಲ್ಲೇ ಸುಮ್ಮನೆ ತಿರುಗುತ್ತಿರುತ್ತದೆ. ಆಟಗಾರರು ಇದನ್ನು ನಿದ್ದೆ ಎನ್ನುತ್ತಾರೆ. ಹಾಗೆ ನಿದ್ದೆಯಲ್ಲಿರುವಾಗಲೇ ಅದನ್ನು ದಾರದ ಮೇಲೆ ಹತ್ತಿಸಬಹುದು, ಇಳಿಸಬಹುದು, ತೊಟ್ಟಿಲು ಕಟ್ಟಿ ತೂಗಬಹುದು. ಎಲ್ಲ ಮುಗಿದ ಮೇಲೆ ಕೈಯ ಒಂದು ವಿಶೇಷ ಜಗ್ಗಿನಿಂದ ಎಬ್ಬಿಸಿ ಮೇಲಕ್ಕೆ ಕರೆಯಬೇಕು.

ಇದೆಲ್ಲ ಬಿಲ್ಲೆಯ ಮಹಿಮೆಯೆಂದು ಹೊರಗಿನವರು ಭಾವಿಸುತ್ತಾರೆ. ಬಲ್ಲವರು ದಾರದ ಬಗ್ಗೆ ಮಾತಾಡುತ್ತಾರೆ. ನಾನು ಬಲ್ಲವರ ಗುಂಪಿಗೆ ಸೇರಬೇಕೆಂದು ಬಹಳ ಓದಿದ್ದೇನೆ. ತೆಳುವಾದ ದಾರ ಗಾಳಿಯಲ್ಲಿ ಚುರುಕಾಗಿ ಓಡಾಡುತ್ತದೆ, ಯೋಯೋ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ. ವೇಗದ ಆಟದವರಿಗೆ ಅದು ಒಳ್ಳೆಯದು, ಆದರೆ ಬೆರಳನ್ನು ಕೊಯ್ಯುತ್ತದೆ. ದಪ್ಪ ದಾರ ಬಿಲ್ಲೆಯ ಒಳಮೈಗೆ ತಾಗಿ ಅದನ್ನು ಬೇಗ ಎಬ್ಬಿಸುತ್ತದೆ. ಹೋಗಿಬರುವ ಸರಳ ಆಟಕ್ಕೆ ಹಿತ, ಕಸರತ್ತಿಗೆ ಅಲ್ಲ. ಪಾಲಿಯೆಸ್ಟರ್ ದಾರ ಬಾಳಿಕೆ ಬರುತ್ತದೆ. ಹತ್ತಿಯ ದಾರ ಬೆರಳಿಗೆ ಮೃದು, ಆದರೆ ಬೇಗ ಸವೆಯುತ್ತದೆ. ಉದ್ದವಂತೂ ನೆಲದಿಂದ ಹೊಕ್ಕಳಿನವರೆಗೆ ಇರಬೇಕೆಂದು ಒಂದು ಪಂಥ, ಅದಕ್ಕಿಂತ ನಾಲ್ಕು ಬೆರಳು ಮೇಲಿರಬೇಕೆಂದು ಇನ್ನೊಂದು ಪಂಥ. ಆದ್ದರಿಂದ ಮೊದಲು ನಿಮ್ಮ ಆಟದ ಶೈಲಿಯನ್ನು ಅರಿತುಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ದಾರವನ್ನು ಆರಿಸಿಕೊಳ್ಳಿ ಎಂಬುದು ಸರ್ವಸಮ್ಮತ ಉಪದೇಶ.

ಈ ಉಪದೇಶ ನನ್ನಂಥವನಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಉಪದೇಶಿಸಿದವರು ಯೋಚಿಸಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಅರ್ಜಿಯಲ್ಲಿ ಯಾವ ಕಡೆ ಸಹಿ ಹಾಕಬೇಕು, ಸಂದರ್ಶನಕ್ಕೆ ಯಾವ ಬಣ್ಣದ ಅಂಗಿ ಹಾಕಬೇಕು ಎಂದು ಕೇಳಿದರೆ ಹೇಳುವವರು ನನ್ನ ಹಿಂದೆ ಯಾರೂ ಇರಲಿಲ್ಲ. ಮನೆಯಲ್ಲಿ ಕೇಳಲು ಯಾರೂ ಇಲ್ಲದವನು ಪ್ಯಾಕೆಟ್ಟಿನ ಹಿಂಬದಿಯನ್ನೆಲ್ಲ ಓದುತ್ತಾನೆ. ಓದಿದ್ದನ್ನು ಮತ್ತೊಮ್ಮೆ ಓದುತ್ತಾನೆ. ತಪ್ಪಾಗದಂತೆ ಮಾಡಲು ಸಾಧ್ಯವಿಲ್ಲ ಎನಿಸಿದರೆ, ಮಾಡದಿರುವುದೇ ಸರಿಯೆಂದು ಸಭ್ಯವಾಗಿ ತೀರ್ಮಾನಿಸುತ್ತಾನೆ.

ಹಾಗೆ ನೋಡಿದರೆ ದಾರದ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿ ಹತ್ತಿಯೂ ನೂಲಾಗುತ್ತದೆ, ಕುರಿಯ ಮೈಮೇಲಿನದೂ ನೂಲಾಗುತ್ತದೆ, ಕುಮಾರಪಟ್ಟಣದ ಕಾರ್ಖಾನೆಯ ಕಡೆ ಹೋದರೆ ನಿಂತ ಮರವೂ ಎಳೆಯಾಗುತ್ತದೆ. ಹುಟ್ಟಿದ ಕೂಸಿಗೆ ಉಡದಾರ, ಕೊರಳಿಗೆ ಶಿವದಾರ, ಪಡಸಾಲೆಯ ತೊಟ್ಟಿಲಿಗೆ ಹಗ್ಗ, ಮೆಣಸಿನಕಾಯಿ ಚೀಲಕ್ಕೆ ಸುತಳಿ. ನನ್ನ ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲಗಳ ಬಾಯಿ ಹೊಲಿಯುತ್ತಾರೆ. ದಬ್ಬಣ, ಸುತಳಿ, ಮೆಣಸಿನ ಘಾಟಿಗೆ ಮೂಗಿನ ಮೇಲೊಂದು ವಸ್ತ್ರ. ಇಷ್ಟೇ ಅವರ ಸರಂಜಾಮು. ಒಮ್ಮೆ ನಾನು ಬಗೆಬಗೆಯ ಯೋಯೋ ದಾರಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ, "ಇದರಾಗ ಯಾವುದು ಚಲೋ ಅನಸ್ತೈತಿ, ಅಪ್ಪಾ?" ಎಂದು ಕೇಳಿದೆ. ಅವರು ಬಹಳ ಹೊತ್ತು ನೋಡಿ, "ಬಾಯಿ ಬಿಚ್ಚಲಿಲ್ಲಂದ್ರ ಯಾವುದಾದ್ರೂ ಚಲೋನ" ಎಂದರು. ಯೋಯೋಗೆ ಬಾಯಿ ಇಲ್ಲವೆಂದು ವಿವರಿಸಲು ಹೊರಟವನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

ನಾನು ಈ ಆಟಕ್ಕೆ ಬಿದ್ದದ್ದು ಹಾವೇರಿಯಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆಂದು ಅಲ್ಲೊಂದು ಕೋಣೆ ಹಿಡಿದಿದ್ದೆ. ಓದಿನ ನಡುವೆ ಕೈಗಳಿಗೆ ಏನಾದರೂ ಕೆಲಸವಿದ್ದರೆ ಏಕಾಗ್ರತೆ ಹೆಚ್ಚುತ್ತದೆ ಎಂದು ಎಲ್ಲೋ ಓದಿ ಯೋಯೋ ತರಿಸಿಕೊಂಡೆ. ಏಕಾಗ್ರತೆ ನಿಜವಾಗಿಯೂ ಹೆಚ್ಚಿತು, ಆದರೆ ಅದು ಯೋಯೋದ ಕಡೆಗೇ ಹೆಚ್ಚಿತು. ಪರೀಕ್ಷೆ ನನ್ನ ಕೈ ಬಿಟ್ಟಿತು, ಯೋಯೋ ಬಿಡಲಿಲ್ಲ. ಈಗ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಬ್ಯಾಡಗಿಯಿಂದ ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತೇನೆ. ರೈಲು ತಡವಾದ ದಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಜನರಿಗೆ ಬೆನ್ನು ಮಾಡಿ, ಚೀಲದಿಂದ ಯೋಯೋ ತೆಗೆಯುತ್ತೇನೆ. ನನ್ನ ತಂಗಿ ನೇತ್ರಾ ಒಬ್ಬಳನ್ನು ಬಿಟ್ಟರೆ ಯಾರ ಮುಂದೆಯೂ ನಾನು ಆಡಿದವನಲ್ಲ. ಯಾರಾದರೂ ನೋಡುತ್ತಿದ್ದಾರೆ ಎನಿಸಿದ ಕ್ಷಣವೇ ಯೋಯೋ ಕೈಯೊಳಗೆ, ಕೈ ಜೇಬಿನೊಳಗೆ.

ಒಂದು ದಿನ ಹಾಗೆ ಬೆನ್ನು ಮಾಡಿ ನಿಂತಿದ್ದಾಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ತಿರುಗಿದರೆ ಮುಲ್ಲಾ ಮೇಡಂ. ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಹಿರಿಯರು, ಬ್ಯಾಡಗಿಯವರೇ. ಕೈತುಂಬ ಗಾಜಿನ ಬಳೆ, ಗಟ್ಟಿ ಧ್ವನಿ. ಅವರು ತರಗತಿಯಲ್ಲಿ ಸಾಮ್ರಾಜ್ಯವೊಂದನ್ನು ಬೀಳಿಸಿದರೆ ಪಕ್ಕದ ತರಗತಿಯಲ್ಲಿ ನನ್ನ ಬೇಡಿಕೆಯ ರೇಖೆ ಅಲುಗಾಡುತ್ತದೆ.

"ಅರೇ ವಾ! ಇಷ್ಟು ದಿನಾ ಎಲ್ಲಿ ಮುಚ್ಚಿಟ್ಟಿದ್ರಿ ಇದನ್ನ?"

"ಅಭ್ಯಾಸ ಅಷ್ಟೇ ಮೇಡಂ. ಪ್ರದರ್ಶನದ ಮಟ್ಟಕ್ಕೆ ಇನ್ನೂ ಬಂದಿಲ್ಲ."

"ಯಾರು ಹೇಳಿದ್ರು ಬಂದಿಲ್ಲಂತ?"

ನಿಜ ಹೇಳಬೇಕೆಂದರೆ ಯಾರೂ ಹೇಳಿರಲಿಲ್ಲ. ಆ ವರ್ಷದ ಗ್ಯಾದರಿಂಗಿನ, ಅಂದರೆ ಕಾಲೇಜಿನ ವಾರ್ಷಿಕೋತ್ಸವದ, ಸಾಂಸ್ಕೃತಿಕ ಸಮಿತಿಗೆ ಅವರೇ ಅಧ್ಯಕ್ಷರು. ಸಂಜೆಯೊಳಗೆ ಕಾರ್ಯಕ್ರಮದ ಪಟ್ಟಿಯಲ್ಲಿ ಡೊಳ್ಳು ಕುಣಿತಕ್ಕೆ ಮುಂಚೆ ನನ್ನ ಹೆಸರಿತ್ತು. ಬೇಡವೆನ್ನಲು ಧೈರ್ಯ ಬೇಕು; ಅದಿಲ್ಲದ ಕಾರಣ ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಶುರುವಾಯಿತು ದಾರದ ಚಿಂತೆ. ವೇದಿಕೆಯ ದೀಪಗಳ ಬಿಸಿಗೆ ಬೆರಳು ಬೆವರುತ್ತದೆ. ಹಾಗಾಗಿ ಬೆವರು ಹೀರುವ ಹತ್ತಿಯೇ ಸರಿ. ಆದರೆ ಹತ್ತಿ ನಿಧಾನ. ನಾನು ನಿಧಾನದವನೋ, ಚುರುಕಿನವನೋ? ಶೈಲಿ ಗೊತ್ತಾಗದೆ ದಾರ ಆರಿಸುವಂತಿಲ್ಲ, ದಾರವಿಲ್ಲದೆ ಶೈಲಿ ಗೊತ್ತಾಗುವಂತಿಲ್ಲ. ಅಭ್ಯಾಸ ಮಾಡಬೇಕಾದ ಸಂಜೆಗಳನ್ನೆಲ್ಲ ಈ ವಿಚಾರಣೆಯೇ ತಿಂದುಹಾಕಿತು. ಕೊನೆಗೆ ಬಿಳಿಯ, ತೆಳುವಾದ, ಬಿಗಿ ಹುರಿಯ ಹತ್ತಿ ದಾರದ ಒಂದು ಕಟ್ಟನ್ನು ದೂರದಿಂದ ತರಿಸಿದೆ. ಬಂದ ದಿನ ಒಂದನ್ನು ತೆಗೆದು ಬೆರಳ ನಡುವೆ ಹೊಸೆದು ನೋಡಿದಾಗ ಆದ ಸಂತೋಷವನ್ನು ಇಲ್ಲಿ ಸಂಕ್ಷೇಪವಾಗಿಯೇ ಹೇಳುವುದು ಒಳ್ಳೆಯದು. ಯೋಯೋಗೆ ಕಟ್ಟಿದ್ದುದನ್ನೂ ಸೇರಿಸಿ ಸವೆದ ಹಳೆಯ ದಾರಗಳನ್ನೆಲ್ಲ ಅಂದೇ ಕಸಕ್ಕೆ ಹಾಕಿ, ಹೊಸ ಕಟ್ಟನ್ನು ನನ್ನ ಪುಸ್ತಕದ ಗೂಡಿನಲ್ಲಿ ಶುಭ್ರವಾದ ಕಾಗದದಲ್ಲಿ ಸುತ್ತಿಟ್ಟೆ. ಗ್ಯಾದರಿಂಗಿಗೆ ಮುಂಚಿನ ವಾರವೇ ನೇತ್ರಾಳ ಮದುವೆಯೂ ಇತ್ತು. ಮದುವೆ ಮುಗಿಸಿ, ಮನಸ್ಸು ಹಗುರಾದ ಮೇಲೆ ದಾರ ಏರಿಸುವುದೆಂದು ನಿಶ್ಚಯಿಸಿದ್ದೆ.

ನಮ್ಮ ಕಡೆ ಮದುವೆಯಲ್ಲಿ ಸುರಗಿ ಎಂಬ ಶಾಸ್ತ್ರವಿದೆ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ನೀರಿನ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಹಸಿ ನೂಲನ್ನು ಸುತ್ತಿ, ಆ ನೂಲಿನ ಚೌಕದೊಳಗೆ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಅರಿಸಿನ ಹಚ್ಚಿ ನೀರೆರೆಯುತ್ತಾರೆ. ಆಮೇಲೆ ಅದೇ ನೂಲನ್ನು ತೆಗೆದು, ಮಡಿಸಿ, ಅರಿಸಿನದ ಕೊಂಬು ಕಟ್ಟಿ ಕಂಕಣವಾಗಿ ಕೈಗೆ ಕಟ್ಟುತ್ತಾರೆ. ಸುತ್ತಿದ ನೂಲು ಶಾಸ್ತ್ರ ಮುಗಿಯುವ ತನಕ ಹರಿಯಬಾರದು.

ಅಂದು ಬೆಳಿಗ್ಗೆ ನಾನು ಹೂವಿನ ಹಾರಗಳನ್ನು ತರಲು ಹಾವೇರಿಗೆ ಹೋಗಿದ್ದೆ. ಹಾರದ ಬುಟ್ಟಿ ಹೊತ್ತು ಅಂಗಳಕ್ಕೆ ಕಾಲಿಟ್ಟಾಗ ಸುರಗಿ ಅರ್ಧ ಆಗಿತ್ತು. ಹೆಂಗಸರು ಹಾಡುತ್ತಿದ್ದರು. ನೇತ್ರಾ ಅರಿಸಿನದಲ್ಲಿ ಮುಳುಗಿ ಕುಳಿತಿದ್ದಳು. ಅವಳ ಸುತ್ತ ತಂಬಿಗೆಯಿಂದ ತಂಬಿಗೆಗೆ, ಐದು ಸುತ್ತು, ಬಿಗಿಯಾಗಿ, ಬೆಳ್ಳಗೆ, ತೆಳ್ಳಗೆ, ಅತ್ಯುತ್ತಮ ಹುರಿಯಲ್ಲಿ ನನ್ನ ದಾರ.

ಸುರಗಿಯ ಯಜಮಾನಿಕೆ ಕಾಗಿನೆಲೆಯಿಂದ ಬಂದಿದ್ದ ಗಂಗತ್ತೆಯದು. ಗಂಗತ್ತೆ ಅಪ್ಪನ ಅಕ್ಕ. ನಮ್ಮ ಮನೆತನದ ಯಾವ ಕಾರ್ಯವೂ ಅವಳ ಕೈ ತಪ್ಪಿಸಿ ನಡೆದದ್ದಿಲ್ಲ. ಅವ್ವ ಹಸಿ ನೂಲನ್ನು ಕೆಡದಂತೆ ಬಹಳ ಭದ್ರವಾದ ಜಾಗದಲ್ಲಿ ಇಟ್ಟಿದ್ದಳಂತೆ. ಜಾಗ ಎಷ್ಟು ಭದ್ರವಾಗಿತ್ತೆಂದರೆ ಮುಹೂರ್ತದ ಹೊತ್ತಿಗೆ ಅವಳಿಗೂ ಸಿಗಲಿಲ್ಲ. ಆಗ ಗಂಗತ್ತೆ ಮನೆಯನ್ನೆಲ್ಲ ಜಾಲಾಡಿ ನನ್ನ ಗೂಡಿನಲ್ಲಿದ್ದ ಕಟ್ಟನ್ನು ಕಂಡುಹಿಡಿದಿದ್ದಳು.

"ಬಾರೋ ಮಾಸ್ತರ!" ಎಂದಳು ನನ್ನನ್ನು ಕಂಡೊಡನೆ. "ನಿಮ್ಮವ್ವಗ ಬುದ್ಧಿ ಇಲ್ಲಂದ್ರ ನಿನಗರ ಐತಲ್ಲ. ತಂಗಿ ಸುರಗಿಗೆ ಎಂಥಾ ನೂಲು ತಂದಿಟ್ಟೀದಿ! ಜೋಡಸಾಕ ಅನುಕೂಲ ಆಗಲಿ ಅಂತ ತುದೀಗೆ ಕುಣಿಕಿ ಸೈತ ಹಾಕ್ಯಾರ ನೋಡು. ಒಂದರಾಗ ಒಂದು ಸಿಗಿಸಿದ್ನಿ, ಲಗೂನ ಮುಗೀತು. ಭಾಳ ಶಾಣ್ಯಾರು ಬಿಡು ಮಾಡಿದವ್ರು!"

ನಾನು ಬಾಯಿ ತೆರೆದೆ. ಸುತ್ತಲಿನ ಮುತ್ತೈದೆಯರೆಲ್ಲ ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ಚೌಕದೊಳಗಿಂದ ನೇತ್ರಾ ನನ್ನ ಮುಖ ನೋಡಿದಳು, ಆಮೇಲೆ ದಾರ ನೋಡಿದಳು. ಅವಳಿಗೆ ಹೊಳೆಯಿತು. ಅರಿಸಿನದ ಮುಖ ಮುಚ್ಚಿಕೊಂಡು ಮೈಯೆಲ್ಲ ಕುಲುಕುವಂತೆ ನಗತೊಡಗಿದಳು.

"ಏ, ನಗಬ್ಯಾಡವಾ, ತಂಬಿಗಿ ಉರಳತಾವು!" ಎಂದು ಗಂಗತ್ತೆ ಗದರಿದಳು.

"ಅಣ್ಣಾ, ಒಂದೂ ಉಳಿದಿಲ್ಲೇನೋ?" ಎಂದು ನೇತ್ರಾ ನಗುವಿನ ನಡುವೆಯೇ ಕೇಳಿದಳು.

"ಯಾಕ ಉಳೀತಾವು? ಐದು ಸುತ್ತಿಗೆ ಎಲ್ಲಾ ಸರಿ ಆದ್ವು," ಎಂದು ಗಂಗತ್ತೆಯೇ ಉತ್ತರ ಕೊಟ್ಟಳು.

ಆ ಕ್ಷಣದಲ್ಲಿ ನನಗೆ ಆಘಾತವಾಯಿತೆಂದು ಬರೆದರೆ ವಾಕ್ಯ ಸರಿಯಾಗಿರುತ್ತದೆ, ಸಂಗತಿ ಮಾತ್ರ ಪೂರ್ತಿ ಸರಿಯಾಗಿರುವುದಿಲ್ಲ. ಆಘಾತ ಒಂದು ನಿಮಿಷ ಇತ್ತು. ಅದರ ಹಿಂದೆಯೇ, ಬಿಸಿಲಲ್ಲಿ ನಡೆದು ಬಂದವನಿಗೆ ಮಡಕೆಯ ನೀರು ಸಿಕ್ಕಂತೆ, ಒಂದು ತಂಪು ಒಳಗಿಳಿಯಿತು. ದಾರವಿಲ್ಲ. ಮತ್ತೆ ತರಿಸಲು ದಿನಗಳಿಲ್ಲ. ಅಂದರೆ ಗ್ಯಾದರಿಂಗಿನಲ್ಲಿ ನಾನು ಆಡಬೇಕಾಗಿಲ್ಲ. ಹೆದರಿ ಹಿಂದೆ ಸರಿದ ಎನ್ನುವಂತಿಲ್ಲ. ತಂಗಿಯ ಮದುವೆಗೆ ದಾರ ಕೊಟ್ಟವನು ಎನ್ನಬೇಕು. ಇಷ್ಟು ಮರ್ಯಾದಸ್ಥವಾದ ನೆಪ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮದುವೆಯ ಊಟವನ್ನು ನಾನು ಬಹಳ ರುಚಿಯಿಂದ ಉಂಡೆ.

ಮದುವೆಗೆ ಬಂದಿದ್ದ ಮುಲ್ಲಾ ಮೇಡಂ ಕೈ ತೊಳೆಯುವಲ್ಲಿ ಸಿಕ್ಕಾಗ, ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯವನ್ನು ಒಪ್ಪಿಸಿದೆ: "ಮೇಡಂ, ಅನಿವಾರ್ಯ ಕಾರಣಗಳಿಂದಾಗಿ ನನ್ನ ಕಾರ್ಯಕ್ರಮವನ್ನು ರದ್ದುಗೊಳಿಸಬೇಕೆಂದು ವಿನಂತಿಸುತ್ತೇನೆ." ಕಾರಣವನ್ನೂ ಹೇಳಿದೆ. ಅವರು ಮೊದಲು ನೇತ್ರಾಳ ಕೈಯ ಕಂಕಣವನ್ನು ದೂರದಿಂದ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಖರೇ ಹೇಳ್ರಿ ಸರ, ದಾರ ಹೋತಂತ ಬ್ಯಾಸರ ಆಗೇತೋ, ಖುಷಿ ಆಗೇತೋ?"

ಇತಿಹಾಸದವರಿಗೆ ಮುಖ ಓದಲು ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. "ಎರಡೂ ಅಲ್ಲ ಮೇಡಂ," ಎಂದೆ. ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದ ಗಂಗತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾವ ದಾರ? ಏನು ಆಡೂದು? ನನಗ ಯಾರೂ ಹೇಳಲಿಲ್ಲಲ್ಲ!"

ಮೇಡಂ ಹೇಳಿದರು. ಸಾಮ್ರಾಜ್ಯ ಬೀಳಿಸುವ ಧ್ವನಿಯಲ್ಲೇ ಹೇಳಿದ್ದರಿಂದ ಊಟದ ಸಾಲಿನಲ್ಲಿದ್ದವರಿಗೂ ಗೊತ್ತಾಯಿತು. ಸೋದರಳಿಯ ಕಾಲೇಜಿನ ಎಲ್ಲರ ಮುಂದೆ ಆಡಬೇಕಾಗಿದ್ದ ಆಟವನ್ನು ತಾನು ತಂಬಿಗೆಗೆ ಸುತ್ತಿದೆನೆಂದು ತಿಳಿದ ಗಂಗತ್ತೆ ತಟ್ಟೆ ಕೆಳಗಿಟ್ಟಳು.

"ಬಾಯಾಗ ಏನು ಇಟಗೊಂಡಿದ್ದೆಲೇ ಆವಾಗ?"

"ಶಾಸ್ತ್ರ ನಡೀತಿತ್ತಲ್ಲ, ಅತ್ತೀ…"

"ಇರಲಿ. ನಾ ಮಾಡಿಕೊಡ್ತೀನಿ ತೊಗೋ ದಾರ."

ನೇತ್ರಾ ಗಂಡನ ಮನೆಗೆ ಹೊರಟ ಮರುದಿನ ಮಧ್ಯಾಹ್ನ ಮನೆಯಲ್ಲಿ ಎಲ್ಲರ ಕೈಯೂ ಬರಿದಾಗಿತ್ತು. ಅವ್ವ ಸುಮ್ಮನೆ ಅಡುಗೆಮನೆಯ ಡಬ್ಬಿಗಳನ್ನು ತೆಗೆದು ಒರೆಸಿ ಇಡುತ್ತಿದ್ದಳು. ಆಗ ಉಪ್ಪಿನ ಭರಣಿಯ ಹಿಂದಿನಿಂದ ಹಸಿ ನೂಲಿನ ಉಂಡೆ ಹೊರಬಿತ್ತು. "ಅಯ್ಯ, ಇಲ್ಲೇ ಇತ್ತಲ್ಲ!" ಎಂದು ಅವ್ವ ಅದನ್ನು ಹಿಡಿದುಕೊಂಡು ನಿಂತಳು, ಕಣ್ಣಲ್ಲಿ ನೀರು ತಂದುಕೊಂಡಳು. ನೂಲಿಗಾಗಿ ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗಂಗತ್ತೆ ಮಾತ್ರ ಉಂಡೆಯನ್ನು ಕಸಿದುಕೊಂಡು, "ಅಳೂದು ಆಮ್ಯಾಲೆ. ಇದರ ಆ ತುದಿ ಹಿಡಿ," ಎಂದಳು.

ಎಳೆಗಳನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಹುರಿ ಹಾಕುವ ಕೆಲಸ ಪಡಸಾಲೆಯಲ್ಲಿ ಶುರುವಾಯಿತು. ಅವ್ವ ಒಂದು ಕಡೆ, ಗಂಗತ್ತೆ ಇನ್ನೊಂದು ಕಡೆ. ನಾನು ನಡುವೆ ನಿಂತು ಸೂಕ್ತ ದಪ್ಪ, ಸೂಕ್ತ ಉದ್ದ, ಸೂಕ್ತ ಹುರಿಯ ಬಗ್ಗೆ ನಾನು ಓದಿದ್ದನ್ನೆಲ್ಲ ಹೇಳುತ್ತಿದ್ದೆ.

"ಇನ್ನೂ ತೆಳ್ಳಗ ಆಗಬೇಕತ್ತೀ."

"ತೆಳ್ಳಗಾದ್ರ ಹರೀತೈತಿ."

"ಹರಿಯೂದಿಲ್ಲ. ಇದರ ತೂಕ ಅಷ್ಟಿಲ್ಲ."

"ನಾಕ ಮಂದ್ಯಾಗ ಹರಿದ್ರ ಗಂಗವ್ವ ಹೊಸೆದ ದಾರ ಹರೀತು ಅಂತಾರ. ಸುಮ್ಮನಿರು."

ಅಪ್ಪ ಮಾರುಕಟ್ಟೆಯಿಂದ ಬಂದು ನೋಡಿ, "ಆಕಳ ಕರಾ ಕಟ್ಟಾಕ ಮಾಡೀರೇನು ಇದನ್ನ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ದಾರ ಇರಬೇಕಾದ್ದಕ್ಕಿಂತ ಎರಡು ಪಟ್ಟು ದಪ್ಪ, ನಡುನಡುವೆ ಗಂಟು ಗಂಟು, ಮೈತುಂಬ ನವಿರಾದ ಜುಂಗು. ನಾನು ಓದಿದ ಯಾವ ಶೈಲಿಗೂ ಅದು ಸಲ್ಲುತ್ತಿರಲಿಲ್ಲ. ಆದರೆ ಅದು ದಾರವಾಗಿತ್ತು. ನನ್ನ ನೆಪ ನನ್ನ ಕಣ್ಣೆದುರಿಗೇ, ನನ್ನ ಮನೆಯವರ ಕೈಯಲ್ಲೇ, ಬಾಗಿಲ ಚಿಲಕಕ್ಕೆ ಜೋತುಬಿದ್ದಿತ್ತು.

ಗ್ಯಾದರಿಂಗಿನ ದಿನ ವೇದಿಕೆಯ ಪಕ್ಕದಲ್ಲಿ ನಿಂತಾಗ ನನ್ನ ಬೆರಳು ನಿರೀಕ್ಷಿಸಿದ್ದಂತೆಯೇ ಬೆವರಿತು. ಹೆಸರು ಕೂಗಿದರು. ದೀಪಗಳ ಆಚೆಗೆ ಕತ್ತಲು, ಕತ್ತಲೊಳಗೆ ನನ್ನ ವಿದ್ಯಾರ್ಥಿಗಳು. "ಸರ ಏನೋ ಮಾಡ್ತಾರಂತಲೇ!" ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹೋಯಿತು. ನಾನು ಯೋಯೋ ಎಸೆದೆ. ಅದು ಕೆಳಗೆ ಹೋಗಿ ನಿದ್ದೆ ಮಾಡಬೇಕಿತ್ತು; ನಾನು ತೊಟ್ಟಿಲು ಕಟ್ಟಬೇಕಿತ್ತು. ಗಂಗತ್ತೆಯ ದಾರಕ್ಕೆ ನಿದ್ದೆ ಎಂಬುದೇ ಗೊತ್ತಿರಲಿಲ್ಲ. ಮುಟ್ಟಿದ ತಕ್ಷಣ ಬಿಲ್ಲೆಯನ್ನು ಹಿಡಿದು, ಹೊಲಕ್ಕೆ ಹೋಗದೆ ಮಲಗಿದ ಮಗನನ್ನು ಎಬ್ಬಿಸುವಂತೆ ಎಬ್ಬಿಸಿ ಕಳಿಸಿತು. ಯೋಯೋ ಸಟ್ಟನೆ ಬಂದು ನನ್ನ ಅಂಗೈಗೆ ಬಡಿಯಿತು. ಇನ್ನೊಮ್ಮೆ ಎಸೆದೆ. ಇನ್ನೊಮ್ಮೆ ಬಂದು ಬಡಿಯಿತು. ವಾರಗಟ್ಟಲೆ ಆಲೋಚಿಸಿದ್ದ ಕಸರತ್ತುಗಳಲ್ಲಿ ಒಂದೂ ಈ ದಾರದ ಮೇಲೆ ನಡೆಯುವಂತಿರಲಿಲ್ಲ.

ಇಳಿದು ಹೋಗೋಣವೆಂದು ಕಾಲು ಎತ್ತಿದ್ದೂ ನಿಜ. ಅಷ್ಟರಲ್ಲಿ ಯೋಯೋ ಕೆಳಗಿಳಿದ ಕ್ಷಣಕ್ಕೆ ಸರಿಯಾಗಿ ಪರದೆಯ ಮರೆಯಿಂದ ಡೊಳ್ಳಿನ ಒಂದು ಪೆಟ್ಟು ಕೇಳಿಸಿತು. ಮುಂದಿನ ಸರದಿಯ ಡೊಳ್ಳಿನವರಲ್ಲಿ ಯಾರಿಗೋ ಕೈ ತುರಿಸಿರಬೇಕು. ನಾನು ಮತ್ತೆ ಎಸೆದೆ, ಮತ್ತೊಂದು ಪೆಟ್ಟು. ಬೇಗ ಎಸೆದೆ; ಪೆಟ್ಟೂ ಬೇಗ ಬಂತು. ತಡೆದು ಎಸೆದೆ; ಡೊಳ್ಳು ನನಗಾಗಿ ಕಾಯಿತು. ಮುಂದಕ್ಕೆ ಎಸೆದೆ, ತಲೆಯ ಮೇಲಿಂದ ದೊಡ್ಡ ಸುತ್ತು ಹಾಕಿಸಿದೆ. ಎಲ್ಲಿಗೆ ಎಸೆದರೂ ಆ ದಪ್ಪ ದಾರ ಯೋಯೋವನ್ನು ತಪ್ಪದೆ ಮರಳಿ ತಂದುಕೊಡುತ್ತಿತ್ತು. ಸಭೆ ಚಪ್ಪಾಳೆಯಲ್ಲಿ ತಾಳ ಹಿಡಿಯಿತು. "ಸರ, ಒನ್ಸ್ ಮೋರ್!" ಎಂದು ಯಾರೋ ಕೂಗಿದರು. ನಾನು ಒನ್ಸ್ ಮೋರ್ ಆಡಿದೆ. ಎಷ್ಟು ಹೊತ್ತು ಆಡಿದೆನೋ ತಿಳಿಯದು. ಬೆನ್ನು ಮಾಡಿ ನಿಂತಿಲ್ಲವೆಂಬುದು ಮಾತ್ರ ನಡುವೆ ಒಮ್ಮೆ ಗಮನಕ್ಕೆ ಬಂತು.

ಇದನ್ನು ಯೋಯೋ ಪರಿಣತರು ನೋಡಿದ್ದರೆ ನಕ್ಕಿರುತ್ತಿದ್ದರು. ನಾನು ಆಡಿದ್ದು ಜಾತ್ರೆಯ ಮಗುವೂ ಆಡುವ ಆಟ. ಆದರೆ ಅಂದು ನನಗೆ ಒಂದು ವಿಷಯ ಮನದಟ್ಟಾಯಿತು. ಶೈಲಿಗೆ ತಕ್ಕ ದಾರ ಆರಿಸಬೇಕೆಂದು ನಾನು ಇಷ್ಟು ವರ್ಷ ಹುಡುಕಿದೆನಲ್ಲ, ಆ ಹುಡುಕಾಟವೇ ನನ್ನ ಶೈಲಿಯಾಗಿತ್ತು. ಆಡುವುದು ನನಗೆ ಬರುತ್ತಿರಲಿಲ್ಲ. ಆರಿಸುವುದು ಬಹಳ ಚೆನ್ನಾಗಿ ಬರುತ್ತಿತ್ತು. ಈಗಲೂ ನಾನು ಒಳ್ಳೆಯ ದಾರ ತರಿಸುತ್ತೇನೆ, ತೆಳುವಿಗೂ ದಪ್ಪಕ್ಕೂ ವ್ಯತ್ಯಾಸ ಖಂಡಿತ ಇದೆ. ಆದರೆ ದಾರ ಬರುವ ತನಕ ಇದ್ದುದರಲ್ಲಿ ಆಡುತ್ತಿರುತ್ತೇನೆ.

ಅಂದು ವೇದಿಕೆ ಇಳಿದು ಬಂದಾಗ ಮುಲ್ಲಾ ಮೇಡಂ ಪರದೆಯ ಹಿಂದೆ ಕಾಯುತ್ತಿದ್ದರು. "ಕೊಡ್ರಿ ಇಲ್ಲೆ" ಎಂದು ಯೋಯೋ ಇಸಿದುಕೊಂಡು ತೂಗಿ ನೋಡಿದರು. "ನಾನೂ ಒಂದು ತರಿಸಬೇಕಂತೇನಿ. ನನಗ ಯಾವ ದಾರ ಬರೋಬರಿ ಆಗ್ತೈತಿ, ಸರ?"

ಇಂಥ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡೆ. "ಅದು ಮುಖ್ಯವಾಗಿ ತಮ್ಮ ಶೈಲಿಯನ್ನು ಅವಲಂಬಿಸಿದೆ, ಮೇಡಂ. ಮೊದಲನೆಯದಾಗಿ, ದಾರದ ದಪ್ಪ…"

ಅವರು ಬಳೆಗಳನ್ನು ಮೊಣಕೈಯ ಕಡೆಗೆ ಏರಿಸಿ ಕುಣಿಕೆಯೊಳಗೆ ಬೆರಳು ತೂರಿಸುತ್ತಿದ್ದರು. "ಹೇಳ್ರಿ, ಹೇಳ್ರಿ, ಕೇಳಾಕತ್ತೇನಿ" ಎನ್ನುತ್ತಲೇ ಎಸೆದರು. ನಾನು ದಪ್ಪದ ವಿಷಯ ಮುಗಿಸಿ ಉದ್ದದ ವಿಷಯಕ್ಕೆ ಬರುವಷ್ಟರಲ್ಲಿ ಯೋಯೋ ಒಮ್ಮೆ ಬಳೆಗೆ ತಾಗಿ, ಒಮ್ಮೆ ಸೀರೆಗೆ ಸಿಕ್ಕಿ, ಮೂರನೆಯ ಸಲ ನೇರವಾಗಿ ಅವರ ಅಂಗೈಗೆ ಮರಳಿತು. ಹತ್ತಿಯೋ ಪಾಲಿಯೆಸ್ಟರೋ ಎಂಬ ಭಾಗವನ್ನು ನಾನು ಹೇಳಲೇ ಇಲ್ಲ. ಅವರೂ ಕೇಳಲಿಲ್ಲ.